ಬಾತ್‌ರೂಮ್‌ಗೆ ಲೈಟು: ಟೈಲ್ಸ್ ಅಂಟಿಸೋ ಮುಂಚೆ ಕೂತು ಯೋಚಿಸಬೇಕಾದ್ದು

ಮನೆ ಕಟ್ಟುವಾಗ ಹಾಲ್‌ಗೆ ಯಾವ ಲೈಟು, ದೇವರಮನೆಗೆ ಯಾವ ಲೈಟು ಅಂತ ವಾರಗಟ್ಟಲೆ ಯೋಚಿಸುತ್ತೇವೆ. ಬಾತ್‌ರೂಮ್ ಸರದಿ ಬಂದಾಗ ಎಲೆಕ್ಟ್ರಿಷಿಯನ್ "ಇಲ್ಲೊಂದು ಪಾಯಿಂಟ್ ಬಿಡ್ಲಾ ಸಾರ್?" ಅಂತ ಬಾಗಿಲ ಮೇಲ್ಗಡೆ ಕೈ ತೋರಿಸುತ್ತಾರೆ, ನಾವು ಹೂಂ ಅನ್ನುತ್ತೇವೆ. ಅಷ್ಟೇ. ಆ ಒಂದು ಹೂಂ ಮುಂದಿನ ಇಪ್ಪತ್ತು ವರ್ಷ ನಮ್ಮ ಜೊತೆ ಇರುತ್ತದೆ.

ಮೈಸೂರಿನ ನಮ್ಮ ಮನೆಯಲ್ಲೂ ಆದದ್ದು ಇದೇ. 5 ಅಡಿ ಅಗಲ, 8 ಅಡಿ ಉದ್ದದ ಬಾತ್‌ರೂಮ್. ಬಾಗಿಲ ಮೇಲೆ ಒಂದು ಬಲ್ಬು, ಎದುರು ಗೋಡೆಯಲ್ಲಿ ಕನ್ನಡಿ. ಕನ್ನಡಿ ಮುಂದೆ ನಿಂತರೆ ಬಲ್ಬು ಬೆನ್ನ ಹಿಂದೆ. ಅಪ್ಪ ಶೇವ್ ಮಾಡುವಾಗ ಮುಖವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ, ಕತ್ತೆತ್ತಿ, ಗದ್ದದ ಕೆಳಗೆ ಬೆರಳಾಡಿಸಿ ಉಳಿದ ಕೂದಲು ಹುಡುಕುತ್ತಿದ್ದರು. ಕಣ್ಣು ಮಂಜಾಗಿದೆ ಅಂದುಕೊಂಡು ಕನ್ನಡಕ ಬದಲಿಸಿದರು. ಕಣ್ಣು ಚೆನ್ನಾಗಿಯೇ ಇತ್ತು, ಬೆಳಕು ತಪ್ಪು ಕಡೆಯಿಂದ ಬರುತ್ತಿತ್ತು. ಬಾತ್‌ರೂಮ್ ರಿಪೇರಿ ಮಾಡಿಸಿ ಕನ್ನಡಿಯ ಎರಡೂ ಪಕ್ಕ ಒಂದೊಂದು ಲೈಟು ಹಾಕಿಸಿದ ಮೇಲೆ ಬೆರಳಾಡಿಸುವುದು ತಾನಾಗಿಯೇ ನಿಂತಿತು.

ಬಾತ್‌ರೂಮ್‌ನಲ್ಲಿ ಬೆಳಕು ಬೀಳಬೇಕಾದ್ದು ಮುಖದ ಮೇಲೆ ಮತ್ತು ನೆಲದ ಮೇಲೆ. ನಾವು ಸಾಮಾನ್ಯವಾಗಿ ಹಾಕಿಸುವುದು ನೆತ್ತಿ ಮೇಲೆ. ಇದನ್ನು ಸರಿಮಾಡುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಆದರೆ ಟೈಲ್ಸ್ ಅಂಟಿಸುವ ಮುಂಚೆ ನಿರ್ಧಾರ ಆಗಿರಬೇಕು.

1. ಯಾರು, ಯಾವಾಗ, ಏನು ಮಾಡುತ್ತಾರೆ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬಾತ್‌ರೂಮ್ ಚಿತ್ರ ಬರೆಯಿರಿ. ಸ್ಕೇಲ್ ಬೇಕಾಗಿಲ್ಲ, ಅಳತೆ ಗುರುತು ಹಾಕಿದರೆ ಸಾಕು. ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಕನ್ನಡಿ ಎಲ್ಲಿ, ಬೇಸಿನ್ ಎಲ್ಲಿ, ಕಮೋಡ್ ಎಲ್ಲಿ, ಸ್ನಾನದ ಜಾಗ ಎಲ್ಲಿ, ವೆಂಟಿಲೇಟರ್ ಎಲ್ಲಿ. ಮುಖ್ಯವಾಗಿ ಗೀಸರ್ ಎಲ್ಲಿ. 15 ಲೀಟರ್ ಗೀಸರ್ ಗೋಡೆಯಿಂದ ಒಂದಡಿಗೂ ಹೆಚ್ಚು ಮುಂದೆ ಚಾಚಿಕೊಂಡಿರುತ್ತದೆ. ಲೈಟು ಅದರ ಹಿಂದೆಯೋ ಪಕ್ಕದಲ್ಲೋ ಬಂದರೆ ಅರ್ಧ ಬಾತ್‌ರೂಮ್ ನೆರಳಲ್ಲೇ ಇರುತ್ತದೆ. ಇದು ಕಾಣುವುದು ಎಲ್ಲ ಫಿಟ್ ಆದ ಮೇಲೆ. ಅದಕ್ಕೇ ಚಿತ್ರದಲ್ಲಿ ಗೀಸರನ್ನು ಮರೆಯಬೇಡಿ.

ಆಮೇಲೆ ಪಕ್ಕದಲ್ಲಿ ಬರೆಯಿರಿ: ರಾತ್ರಿ ಎರಡು ಮೂರು ಸಲ ಎದ್ದು ಹೋಗುವ ಹಿರಿಯರಿದ್ದಾರಾ? ಸ್ವಿಚ್ ಎಟುಕದ ಮಕ್ಕಳಿದ್ದಾರಾ? ಮೇಕಪ್, ಶೇವಿಂಗ್ ಇಲ್ಲೇನಾ, ಇಲ್ಲ ರೂಮಿನ ಕನ್ನಡಿ ಮುಂದೇನಾ? ಸಾಬೂನಿನ ನೀರು ಯಾವ ಕಡೆ ಹರಿಯುತ್ತದೆ? ಈ ಉತ್ತರಗಳ ಮೇಲೆಯೇ ಎಷ್ಟು ಪಾಯಿಂಟ್ ಬೇಕು ಅನ್ನುವುದು ನಿಲ್ಲುತ್ತದೆ.

2. ಹಗಲು ಬೆಳಕನ್ನು ಮೊದಲು ಲೆಕ್ಕಕ್ಕೆ ತಗೊಳ್ಳಿ

ಮಲೆನಾಡಿನ ಹಂಚಿನ ಮನೆಗಳ ಬಚ್ಚಲಲ್ಲಿ ಮಾಡಿಗೆ ಒಂದೆರಡು ಗಾಜಿನ ಹಂಚು ಹಾಕುತ್ತಿದ್ದರು. ಹಂಡೆ ಒಲೆಯ ಹೊಗೆ ತುಂಬಿದ್ದರೂ ಆ ಹಂಚಿನಿಂದ ಇಳಿಯುವ ಬೆಳಕು ಸರಿಯಾಗಿ ನೀರಿನ ತೊಟ್ಟಿ ಮೇಲೆ ಬೀಳುತ್ತಿತ್ತು. ಈಗಿನ ಮನೆಗಳಲ್ಲಿ ನಮಗೆ ಉಳಿದಿರುವುದು ವೆಂಟಿಲೇಟರ್ ಒಂದೇ.

ಹೊಸ ಮನೆಯಾದರೆ ಕನ್ನಡಿಯನ್ನು ವೆಂಟಿಲೇಟರ್‌ಗೆ ಪಕ್ಕದ ಗೋಡೆಯಲ್ಲಿ ಇಡಿ. ಆಗ ಹಗಲು ಬೆಳಕು ಮುಖಕ್ಕೆ ಪಕ್ಕದಿಂದ ಬೀಳುತ್ತದೆ. ವೆಂಟಿಲೇಟರ್‌ಗೆ ಎದುರಾಗಿ ಕನ್ನಡಿ ಹಾಕಿದರೆ ಬೆಳಕು ಬೆನ್ನಿಗೆ ಬೀಳುತ್ತದೆ, ಮುಖ ಕಪ್ಪಾಗಿ ಕಾಣುತ್ತದೆ, ಜೊತೆಗೆ ಕನ್ನಡಿಯಲ್ಲಿ ಕಿಟಕಿಯೇ ಕಣ್ಣಿಗೆ ಹೊಡೆಯುತ್ತದೆ. ಹಳೇ ಮನೆಯಾದರೆ ವೆಂಟಿಲೇಟರ್‌ನ ಗಾಜಿನ ಪಟ್ಟಿಗಳನ್ನು ಬಿಚ್ಚಿ ತೊಳೆದು ಹಾಕಿ. ಅದರ ಒಳ ಅಂಚುಗಳಿಗೆ ಬಿಳಿ ಬಣ್ಣ ಹೊಡೆಸಿ. ಇಷ್ಟಕ್ಕೇ ಬೆಳಕು ಎದ್ದು ಕಾಣುವಷ್ಟು ಜಾಸ್ತಿಯಾಗುತ್ತದೆ.

3. ಎಷ್ಟು ಬೆಳಕು ಬೇಕು: ವ್ಯಾಟ್ ಬಿಡಿ, ಲ್ಯೂಮೆನ್ ನೋಡಿ

ವ್ಯಾಟ್ ಅಂದರೆ ಎಷ್ಟು ಕರೆಂಟ್ ಎಳೆಯುತ್ತದೆ ಅಂತ, ಎಷ್ಟು ಬೆಳಕು ಕೊಡುತ್ತದೆ ಅಂತ ಅಲ್ಲ. ಬೆಳಕಿನ ಅಳತೆ ಲ್ಯೂಮೆನ್. ಅದು ಡಬ್ಬಿಯ ಮೇಲೆ ಇದ್ದೇ ಇರುತ್ತದೆ. ಒಳ್ಳೇ ಎಲ್‌ಇಡಿ ಪ್ರತಿ ವ್ಯಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 9 ವ್ಯಾಟ್ ಬಲ್ಬ್ ಅಂದರೆ ಸುಮಾರು 800ರಿಂದ 900 ಲ್ಯೂಮೆನ್.

ಲೆಕ್ಕ ಹೀಗೆ ಹಾಕಿ. 5 ಅಡಿ, 8 ಅಡಿ ಅಂದರೆ 40 ಚದರ ಅಡಿ, ಸುಮಾರು 3.7 ಚದರ ಮೀಟರ್. ಬಾತ್‌ರೂಮ್‌ನ ಒಟ್ಟಾರೆ ಬೆಳಕಿಗೆ ಒಂದು ಚದರ ಮೀಟರ್‌ಗೆ 200 ಲ್ಯೂಮೆನ್ ಬಿದ್ದರೆ ಆರಾಮಾಗಿರುತ್ತದೆ. ಅಲ್ಲಿಗೆ 740 ಆಯಿತು. ಆದರೆ ಲೈಟಿನಿಂದ ಹೊರಟಿದ್ದೆಲ್ಲ ನೆಲಕ್ಕೆ ತಲುಪುವುದಿಲ್ಲ. ಗೋಡೆ ಒಂದಷ್ಟು ಹೀರಿಕೊಳ್ಳುತ್ತದೆ, ಕವರ್ ಮೇಲೆ ಕೂತ ದೂಳು ಒಂದಷ್ಟು ತಡೆಯುತ್ತದೆ. ಅದಕ್ಕೆ ಅರ್ಧದಷ್ಟು ಸೇರಿಸಿ, 1100 ಲ್ಯೂಮೆನ್ ಅಂತ ಇಟ್ಟುಕೊಳ್ಳಿ. ಸೀಲಿಂಗ್‌ಗೆ 12 ವ್ಯಾಟ್‌ನ ಒಂದು ಲೈಟು, ಅಥವಾ 6 ವ್ಯಾಟ್‌ನ ಎರಡು. ಎರಡು ಹಾಕಿಸುವುದೇ ಒಳ್ಳೇದು. ನೆರಳು ಕಡಿಮೆ, ಒಂದು ಕೆಟ್ಟರೂ ಕತ್ತಲಲ್ಲಿ ನಿಲ್ಲಬೇಕಾಗಿಲ್ಲ.

ಕಡು ಬೂದು, ಕಪ್ಪು ಟೈಲ್ಸ್ ಆರಿಸಿದ್ದರೆ ಇನ್ನೂ ಅರ್ಧ ಸೇರಿಸಿ. ಈಗ ಕಪ್ಪು ಟೈಲ್ಸ್ ಜಾಸ್ತಿ ಓಡುತ್ತಿದೆ, ಶೋರೂಮ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಶೋರೂಮ್‌ನಲ್ಲಿ ಆ ಟೈಲ್ಸ್ ಮೇಲೆ ಎಷ್ಟು ಲೈಟು ಉರಿಯುತ್ತಿದೆ ಅಂತ ಒಮ್ಮೆ ತಲೆ ಎತ್ತಿ ಎಣಿಸಿ.

4. ಕನ್ನಡಿ ಲೈಟು: ಇಲ್ಲಿ ಟೈಮ್ ಕೊಡಿ

ಇಡೀ ಬಾತ್‌ರೂಮ್‌ನಲ್ಲಿ ನಾನು ರಾಜಿ ಮಾಡಿಕೊಳ್ಳದ ಜಾಗ ಇದು.

ಮೊದಲು ಒಂದು ಸಣ್ಣ ಪರೀಕ್ಷೆ. ರಾತ್ರಿ ಲೈಟು ಆರಿಸಿ ಕನ್ನಡಿ ಮುಂದೆ ನಿಲ್ಲಿ. ಮನೆಯವರೊಬ್ಬರಿಗೆ ಮೊಬೈಲ್ ಟಾರ್ಚನ್ನು ನಿಮ್ಮ ತಲೆ ಮೇಲೆ ಹಿಡಿಯಲು ಹೇಳಿ. ಕಣ್ಣಿನ ಗುಳಿ ಕಪ್ಪು, ಮೂಗಿನ ಕೆಳಗೆ ಕಪ್ಪು, ಗದ್ದದ ಕೆಳಗೆ ಪೂರ್ತಿ ಕತ್ತಲು. ಈಗ ಎರಡು ಮೊಬೈಲ್ ತಗೊಂಡು, ಟಾರ್ಚ್ ಮೇಲೆ ಬಿಳಿ ಕಾಗದ ಮುಚ್ಚಿ, ಮುಖದ ಎಡಕ್ಕೊಂದು ಬಲಕ್ಕೊಂದು ಕಣ್ಣಿನ ಮಟ್ಟದಲ್ಲಿ ಹಿಡಿಯಲು ಹೇಳಿ. ಒಂದು ಪಕ್ಕದ ಲೈಟು ಬೀಳಿಸುವ ನೆರಳನ್ನು ಇನ್ನೊಂದು ಪಕ್ಕದ್ದು ಅಳಿಸುತ್ತದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಮತ್ತೆ ಯಾರೂ ವಿವರಿಸಬೇಕಾಗಿಲ್ಲ.

ಹಾಗಾಗಿ ಕನ್ನಡಿಯ ಎರಡೂ ಪಕ್ಕ ಒಂದೊಂದು ಉದ್ದನೆಯ ಲೈಟು, ಹಾಲುಬಿಳಿ ಕವರ್ ಇರುವಂಥದ್ದು, ಒಂದೊಂದು 5 ಅಥವಾ 6 ವ್ಯಾಟ್. ಲೈಟಿನ ಮಧ್ಯಭಾಗ ನೆಲದಿಂದ 5ರಿಂದ 5.5 ಅಡಿ ಎತ್ತರದಲ್ಲಿ, ಅಂದರೆ ಮನೆಯವರ ಕಣ್ಣಿನ ಮಟ್ಟದ ಹತ್ತಿರ. ಎರಡರ ನಡುವೆ ಎರಡೂವರೆಯಿಂದ ಮೂರಡಿ ಅಂತರ. ಒಳಗಿನ ಬಲ್ಬು ಕಾಣುವ ಸ್ಪಾಟ್ ಲೈಟು ಬೇಡ, ಕಣ್ಣು ಕುಕ್ಕುತ್ತದೆ.

ಪಕ್ಕಗಳಲ್ಲಿ ಜಾಗವೇ ಇಲ್ಲ, ಒಂದು ಕಡೆ ಮೂಲೆ ಇದೆ ಅನ್ನುವವರೇ ಜಾಸ್ತಿ. ಅವರು ಕನ್ನಡಿಯ ಮೇಲ್ಗಡೆ, ಸುಮಾರು ಆರೂವರೆ ಅಡಿ ಎತ್ತರದಲ್ಲಿ, ಕನ್ನಡಿಯಷ್ಟೇ ಉದ್ದದ ಒಂದು ಲೈಟು ಹಾಕಿಸಬಹುದು. ಎರಡು ಅಡಿಯ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನ ಥರದ್ದು) ಕೂಡ ಸಾಕು, ತೇವ ತಡೆಯುವಂಥದ್ದಾಗಿರಬೇಕು. ಬೇಸಿನ್ ತಿಳಿಬಣ್ಣದ್ದಾದರೆ ಬೆಳಕು ಅದರಿಂದ ಪುಟಿದು ಗದ್ದದ ಕೆಳಗೂ ಸ್ವಲ್ಪ ಬೀಳುತ್ತದೆ. ಸೀಲಿಂಗ್ ಲೈಟೊಂದನ್ನೇ ನಂಬಬೇಕಾದರೆ ಅದು ನಿಮಗೂ ಕನ್ನಡಿಗೂ ನಡುವೆ, ಬೇಸಿನ್ ಮೇಲೆ ಬರಲಿ. ನಿಮ್ಮ ಹಿಂದೆ ಅಂತೂ ಬೇಡ.

ಲೈಟು ಒಳಗೇ ಇರುವ ಎಲ್‌ಇಡಿ ಕನ್ನಡಿ ತಗೊಳ್ಳುವವರು ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ: ಡ್ರೈವರ್ (ಎಲ್‌ಇಡಿಗೆ ಬೇಕಾದಷ್ಟು ಕರೆಂಟ್ ಹೊಂದಿಸಿ ಕೊಡುವ ಭಾಗ) ಕೆಟ್ಟರೆ ಅದೊಂದನ್ನೇ ಬದಲಿಸಬಹುದಾ, ಇಲ್ಲ ಇಡೀ ಕನ್ನಡಿ ಎಸೆಯಬೇಕಾ? ಇನ್ನೊಂದು, ಬೆಳಕು ಮುಂದಕ್ಕೆ ಬರುತ್ತದಾ ಅಂತ ಎದುರು ನಿಂತು ನೋಡಿ. ಕೆಲವು ಕನ್ನಡಿಗಳಲ್ಲಿ ಬೆಳಕೆಲ್ಲ ಹಿಂದಿನ ಗೋಡೆಗೆ ಹೋಗುತ್ತದೆ. ನೋಡಲು ಅಂದ, ಆದರೆ ಶೇವಿಂಗ್‌ಗೆ ಕೆಲಸಕ್ಕೆ ಬರುವುದಿಲ್ಲ.

5. ಬಣ್ಣ: ಕುಂಕುಮ ಇಟ್ಟು ನೋಡಿ

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 2700ರಿಂದ 3000 ಅಂದರೆ ಹಳೇ ಬಲ್ಬಿನ ಹಳದಿ ಬೆಳಕು. 4000 ಅಂದರೆ ಹಳದಿಯೂ ಅಲ್ಲದ ನೀಲಿಯೂ ಅಲ್ಲದ ಬಿಳಿ. 6500 ಅಂದರೆ ನೀಲಿ ಛಾಯೆಯ ಬಿಳಿ, ನಮ್ಮಲ್ಲಿ ಏನೂ ಹೇಳದೆ ಕೇಳಿದರೆ ಹೆಚ್ಚಾಗಿ ಕೊಡುವುದು ಇದನ್ನೇ. ಬಾತ್‌ರೂಮ್‌ಗೆ 6500 ಬೇಡ ಅಂತಲೇ ನನ್ನ ಅಭಿಪ್ರಾಯ. ಮುಖ ಬಿಳಿಚಿಕೊಂಡಂತೆ ಕಾಣುತ್ತದೆ, ಮಳೆಗಾಲದಲ್ಲಿ ವೆಂಟಿಲೇಟರ್ ಕಡೆಯಿಂದ ಹುಳ ಕೂಡ ಇದಕ್ಕೇ ಜಾಸ್ತಿ ಬರುತ್ತವೆ. ನಾವು ಸೀಲಿಂಗ್‌ಗೂ ಕನ್ನಡಿಗೂ 4000 ಹಾಕಿಸಿದೆವು. 3000 ಇಷ್ಟಪಡುವವರು ಅದನ್ನೇ ಹಾಕಿಸಿ. ಎರಡೂ ಕಡೆ ಒಂದೇ ಇರಲಿ. ಒಂದು ಹಳದಿ ಒಂದು ಬಿಳಿ ಆದರೆ ಮುಖದ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು ಬಣ್ಣ.

ಕೆಲ್ವಿನ್‌ನಷ್ಟೇ ಮುಖ್ಯವಾದ ಇನ್ನೊಂದು ಅಂಕಿ ಸಿಆರ್‌ಐ. ವಸ್ತುಗಳ ನಿಜ ಬಣ್ಣವನ್ನು ಆ ಬೆಳಕು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ, 100ಕ್ಕೆ ಇಷ್ಟು ಅಂತ. ಸಾಮಾನ್ಯ ಬಲ್ಬುಗಳು 80ರ ಆಸುಪಾಸು. ಕನ್ನಡಿ ಲೈಟಿಗೆ 90 ಅಥವಾ ಮೇಲಿನದನ್ನು ಕೇಳಿ. ವ್ಯತ್ಯಾಸ ಕಾಣುವುದು ಕೆಂಪಿನಲ್ಲಿ. ಒಂದು ಚಿಟಿಕೆ ಕುಂಕುಮ ಕಾಗದದಲ್ಲಿ ಮಡಚಿ ಅಂಗಡಿಗೆ ತಗೊಂಡು ಹೋಗಿ, ಅಂಗೈಗೆ ಹಚ್ಚಿ ಲೈಟಿನ ಕೆಳಗೆ ಹಿಡಿಯಿರಿ. ಕಳಪೆ ಬೆಳಕಲ್ಲಿ ಕುಂಕುಮ ಇಟ್ಟಿಗೆ ಪುಡಿ ಹಾಗೆ ಮಂಕಾಗುತ್ತದೆ, ಅಂಗೈ ಬೂದು ತಿರುಗುತ್ತದೆ. ಒಳ್ಳೇ ಬೆಳಕಲ್ಲಿ ಕುಂಕುಮ ಕುಂಕುಮದ ಹಾಗೇ ಇರುತ್ತದೆ.

ಅಲ್ಲೇ ಇನ್ನೊಂದು ಪರೀಕ್ಷೆ. ಮೊಬೈಲ್ ಕ್ಯಾಮೆರಾವನ್ನು ಸ್ಲೋ ಮೋಷನ್‌ಗೆ ಹಾಕಿ ಲೈಟನ್ನು ನೋಡಿ. ಬೆಳಕು ಪಟಪಟ ಮಿಟುಕಿದರೆ ಡ್ರೈವರ್ ಅಗ್ಗದ್ದು ಅಂತ ಅರ್ಥ. ಬರಿಗಣ್ಣಿಗೆ ಕಾಣದಿದ್ದರೂ ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಬೆಂಗಳೂರಿನವರಾದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಸಾಲು ಸಾಲು ಲೈಟಿನ ಅಂಗಡಿಗಳಿವೆ, ಉರಿಸಿ ತೋರಿಸಿ ಅಂತ ಕೇಳಿ ನೋಡಿಯೇ ತಗೊಳ್ಳಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇಲ್ಲದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಾತ್‌ರೂಮ್‌ಗೆ ಬೇಡ.

6. ನೀರು ಮತ್ತು ಐಪಿ ಅಂಕಿ

ಲೈಟಿನ ಮೇಲೆ ಐಪಿ ಅಂತ ಬರೆದು ಎರಡು ಅಂಕಿ ಇರುತ್ತವೆ. ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ. ಹಾಲ್‌ಗೆ ಹಾಕುವ ಲೈಟುಗಳು ಐಪಿ 20. ಆ ಸೊನ್ನೆಯ ಅರ್ಥ ನೀರಿನಿಂದ ಯಾವ ರಕ್ಷಣೆಯೂ ಇಲ್ಲ. ಐಪಿ 44 ಆದರೆ ಯಾವ ಕಡೆಯಿಂದ ನೀರು ಎರಚಿದರೂ ತಡೆಯುತ್ತದೆ. ಐಪಿ 65 ಆದರೆ ದೂಳು ಒಳಗೆ ಹೋಗುವುದಿಲ್ಲ, ಪೈಪ್ ಹಿಡಿದು ನೀರು ಹಾಯಿಸಿದರೂ ತಡೆಯುತ್ತದೆ.

ಅಂತರರಾಷ್ಟ್ರೀಯ ನಿಯಮದಲ್ಲಿ ಬಾತ್‌ರೂಮನ್ನು ವಲಯಗಳಾಗಿ ಭಾಗ ಮಾಡುತ್ತಾರೆ. ಟಬ್ ಅಥವಾ ಶವರ್ ಜಾಗದ ಒಳಗೆ ಒಂದು, ಅದರ ಮೇಲೆ ನೆಲದಿಂದ 2.25 ಮೀಟರ್‌ವರೆಗೆ ಇನ್ನೊಂದು, ಅದರಿಂದ ಆಚೆ 60 ಸೆಂಟಿಮೀಟರ್ ಮತ್ತೊಂದು. ಇದು ಟಬ್ಬಿನಲ್ಲಿ ಕೂತು ಸ್ನಾನ ಮಾಡುವವರಿಗೆ ಹೊಂದುವ ಲೆಕ್ಕ. ನಮ್ಮದು ಬಕೆಟ್ಟು, ಚೊಂಬು, ಹೆಲ್ತ್ ಫಾಸೆಟ್. ವಾರಕ್ಕೊಮ್ಮೆ ಗೋಡೆಗೆಲ್ಲ ನೀರು ಎರಚಿ ಉಜ್ಜುತ್ತೇವೆ. ಹಾಗಾಗಿ ನಮ್ಮ ಬಾತ್‌ರೂಮ್‌ನಲ್ಲಿ ಒಣ ವಲಯ ಅನ್ನುವುದೇ ಇಲ್ಲ ಅಂತ ತಿಳಿದುಕೊಳ್ಳಿ. ಎಲ್ಲ ಕಡೆ ಕನಿಷ್ಠ ಐಪಿ 44, ಸ್ನಾನದ ಜಾಗದಲ್ಲೂ ನೆಲದ ಹತ್ತಿರವೂ ಐಪಿ 65. ಕಡಿಮೆ ಖರ್ಚಲ್ಲಿ ಆಗಬೇಕು ಅಂದರೆ ಹೊರಗಿನ ಗೋಡೆಗೆ ಹಾಕುವ ಬಲ್ಕ್‌ಹೆಡ್ ಲೈಟು ತಗೊಳ್ಳಿ. ಗುಂಡಗೋ ಮೊಟ್ಟೆಯಾಕಾರವೋ ಇರುತ್ತದೆ, ಗಟ್ಟಿ, ಒರೆಸುವುದು ಸುಲಭ.

ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಮಾತು. ನಿಮ್ಮ ಫಾಲ್ಸ್ ಸೀಲಿಂಗ್ ಮೇಲೆ ಮೇಲ್ಮನೆಯವರ ಪೈಪುಗಳಿರುತ್ತವೆ. ಸೀಲಿಂಗ್ ಕೊರೆದು ಕೂರಿಸುವ ಡೌನ್‌ಲೈಟುಗಳಲ್ಲಿ ಎಷ್ಟೋ ಐಪಿ 44 ಅಂತ ಹೇಳಿಕೊಂಡರೂ ಆ ರಕ್ಷಣೆ ಕೆಳಮುಖಕ್ಕೆ ಮಾತ್ರ. ಮೇಲಿಂದ ತೊಟ್ಟಿಕ್ಕಿದರೆ ನೀರು ನೇರ ಡ್ರೈವರ್ ಮೇಲೆ. ಆದ್ದರಿಂದ ಪೈಪಿನ ಜಾಯಿಂಟ್ ಎಲ್ಲಿದೆ ನೋಡಿ, ಅದರ ಕೆಳಗೆ ಲೈಟು ಬರದಂತೆ ನೋಡಿಕೊಳ್ಳಿ. ಸೀಲಿಂಗ್‌ನಲ್ಲಿ ಬಿಚ್ಚುವಂಥ ಒಂದು ಬಾಗಿಲು ಬಿಡಿಸಿ. ಸಾದಾ ಜಿಪ್ಸಮ್ ಬೇಡ, ತೇವಕ್ಕೆ ಉಬ್ಬುತ್ತದೆ. ಪಿವಿಸಿ ಹಲಗೆ ವಾಸಿ.

7. ರಾತ್ರಿ ಲೈಟು

ಹಿರಿಯರಿರುವ ಮನೆಗೆ ಇದು ಕನ್ನಡಿ ಲೈಟಿಗಿಂತಲೂ ಮುಖ್ಯ. ರಾತ್ರಿ ಮೂರು ಗಂಟೆಗೆ ಎದ್ದು ಹೋಗಿ 12 ವ್ಯಾಟ್ ಬಿಳಿ ಬೆಳಕು ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತದೆ, ನಿದ್ದೆ ಹಾರುತ್ತದೆ. ಆರಿಸಿ ಹೊರಗೆ ಬಂದ ತಕ್ಷಣ ಏನೂ ಕಾಣುವುದಿಲ್ಲ. ಎಡವುವುದು ಆಗಲೇ. ಹಾಗಂತ ಲೈಟೇ ಹಾಕದೆ ಹೋದರೆ ನೆಲ ಒದ್ದೆ ಇರುವುದು ಗೊತ್ತಾಗುವುದಿಲ್ಲ.

ನೆಲದಿಂದ ಒಂದಡಿ ಎತ್ತರದಲ್ಲಿ, ಬಾಗಿಲಿಂದ ಕಮೋಡ್‌ಗೆ ಹೋಗುವ ದಾರಿಯಲ್ಲಿ, 1 ಅಥವಾ 2 ವ್ಯಾಟ್‌ನ ಫುಟ್ ಲೈಟು ಹಾಕಿಸಿ. 2700 ಕೆಲ್ವಿನ್, ಬೆಳಕು ಕೆಳಮುಖ, ಐಪಿ 65. ಬೆಳಕು ನೆಲಕ್ಕೆ ಸವರಿಕೊಂಡು ಹೋಗುವುದರಿಂದ ನೀರು ನಿಂತಿದ್ದರೆ ಫಳಕ್ಕನೆ ಹೊಳೆಯುತ್ತದೆ. ಮೇಲಿನ ಲೈಟಿನಲ್ಲಿ ಕಾಣದ ಸಾಬೂನಿನ ಪಸೆಯೂ ಇದರಲ್ಲಿ ಕಾಣುತ್ತದೆ. ಅಮ್ಮ ಈಗ ರಾತ್ರಿ ದೊಡ್ಡ ಲೈಟು ಮುಟ್ಟುವುದೇ ಇಲ್ಲ.

ಇದಕ್ಕೆ ಸೆನ್ಸರ್ ಹಾಕಿಸಿದರೆ ಸ್ವಿಚ್ ತಡಕಾಡುವ ಕೆಲಸವೂ ತಪ್ಪುತ್ತದೆ. ಆದರೆ ಸೀಲಿಂಗ್‌ನ ಮುಖ್ಯ ಲೈಟಿಗೆ ಸೆನ್ಸರ್ ಬೇಡ. ಪಿಐಆರ್ ಸೆನ್ಸರ್ ಮೈಯ ಶಾಖ ಅಲ್ಲಾಡುವುದನ್ನು ಹಿಡಿಯುತ್ತದೆ, ಗಾಜಿನ ಆಚೆಗೆ ಅದಕ್ಕೆ ಏನೂ ಕಾಣುವುದಿಲ್ಲ. ಶವರ್‌ಗೆ ಗಾಜಿನ ಪಾರ್ಟಿಶನ್ ಇದ್ದರೆ ಒಳಗೆ ತಲೆಗೆ ಸೋಪು ಹಚ್ಚಿಕೊಂಡು ನಿಂತಿರುವಾಗ ಲೈಟು ಆರಿಬಿಡುತ್ತದೆ.

8. ಸ್ವಿಚ್ಚು, ವೈರು

ಸೀಲಿಂಗ್, ಕನ್ನಡಿ, ರಾತ್ರಿ ಲೈಟು, ಎಗ್ಸಾಸ್ಟ್ ಫ್ಯಾನ್: ನಾಲ್ಕಕ್ಕೂ ಬೇರೆ ಬೇರೆ ಸ್ವಿಚ್. ಬೋರ್ಡು ಬಾಗಿಲ ಹೊರಗೆ, ಹಿಡಿ ಇರುವ ಕಡೆ, ಸುಮಾರು 4 ಅಡಿ ಎತ್ತರದಲ್ಲಿ. ಬಾಗಿಲು ತೆರೆದಾಗ ಅದರ ಹಿಂದೆ ಬೋರ್ಡು ಮರೆಯಾಗಬಾರದು. ಗೀಸರ್‌ಗೆ ಪ್ರತ್ಯೇಕ ಲೈನ್ ಇರಲಿ, ಲೈಟಿನ ಲೈನಿಗೆ ಸೇರಿಸುವುದು ಬೇಡವೇ ಬೇಡ.

ಕರೆಂಟ್ ಹೋಗುವ ಊರಾದರೆ ಒಂದು ಲೈಟಾದರೂ ಯುಪಿಎಸ್ ಲೈನಿಗೆ ಬರಬೇಕು. ಹಾಲ್, ಬೆಡ್‌ರೂಮ್‌ಗೆ ಕೊಟ್ಟು ಬಾತ್‌ರೂಮ್ ಬಿಡುತ್ತಾರೆ. ಒದ್ದೆ ನೆಲದ ಮೇಲೆ ಕತ್ತಲಲ್ಲಿ ನಿಲ್ಲುವುದು ಹಾಲ್‌ನಲ್ಲಿ ಅಲ್ಲ, ಇಲ್ಲಿ. ಈ ಸಂಪರ್ಕವನ್ನು ವೈರು ಎಳೆಯುವಾಗಲೇ ಹೇಳಬೇಕು.

ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯಾ ನೋಡಿ. ಕರೆಂಟು ಮೈಮೂಲಕ ಸೋರಿದರೆ ಕ್ಷಣದಲ್ಲಿ ಲೈನ್ ಕಟ್ ಮಾಡುವ ಸಾಧನ ಅದು. ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಆದಾಗ ಬೀಳುವ ಎಂಸಿಬಿ ಆ ಕೆಲಸ ಮಾಡುವುದಿಲ್ಲ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಇರುವುದೇ ಇಲ್ಲ. ಲೈಟಿಗೆ ಖರ್ಚು ಮಾಡುವ ದುಡ್ಡಲ್ಲಿ ಏನಾದರೂ ಉಳಿಸಿ ಮೊದಲು ಇದನ್ನು ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಈಗ ಎಲ್ಲರೂ ಎಡವುವ ಒಂದು ಜಾಗ. ಪಾಯಿಂಟ್‌ಗೆ ಗೋಡೆ ಕೊರೆಯುವಾಗ ನೆಲಕ್ಕೆ ಇನ್ನೂ ಟೈಲ್ಸ್ ಬಿದ್ದಿರುವುದಿಲ್ಲ. ಎಲೆಕ್ಟ್ರಿಷಿಯನ್ ಬರೀ ಸ್ಲ್ಯಾಬ್‌ನಿಂದ 5 ಅಡಿ ಅಳೆದು ಗುರುತು ಹಾಕುತ್ತಾರೆ. ಆಮೇಲೆ ಇಳಿಜಾರಿಗೆ ಗಾರೆ ಹಾಕಿ ಟೈಲ್ಸ್ ಕೂರಿಸಿದಾಗ ನೆಲ ಎರಡು ಮೂರು ಇಂಚು ಏರುತ್ತದೆ, ಸಂಕ್ (ತಗ್ಗಿಸಿ ಹಾಕಿದ ಸ್ಲ್ಯಾಬ್) ತುಂಬಿಸುವ ಕಡೆ ಇನ್ನೂ ಜಾಸ್ತಿ. ಲೈಟು ಅಷ್ಟೇ ಕೆಳಗೆ ಬಂದು ಕೂರುತ್ತದೆ. ಮೇಸ್ತ್ರಿ ಹತ್ತಿರ ಫಿನಿಶ್ ಲೆವೆಲ್ ಗೆರೆಯನ್ನು ಗೋಡೆ ಮೇಲೆ ಎಳೆಸಿ, ಎಲ್ಲ ಅಳತೆ ಆ ಗೆರೆಯಿಂದಲೇ ತಗೊಳ್ಳಲು ಹೇಳಿ. ಕನ್ನಡಿಯ ಅಗಲವೂ ಆ ಹೊತ್ತಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಲೈಟಿನ ಪಾಯಿಂಟು ಕನ್ನಡಿ ಹಿಂದೆ ಸೇರಿಕೊಳ್ಳುತ್ತದೆ. ಪ್ಲಾಸ್ಟರ್ ಮಾಡುವ ಮುಂಚೆ ಗೋಡೆಗೆ ಟೇಪ್ ಹಿಡಿದು ಪೈಪುಗಳ ಫೋಟೋ ತೆಗೆದಿಡಿ. ಮುಂದೆ ಟವೆಲ್ ರಾಡ್‌ಗೆ ಡ್ರಿಲ್ ಮಾಡುವಾಗ ಆ ಫೋಟೋ ಬೇಕಾಗುತ್ತದೆ.

ಬಾಡಿಗೆ ಮನೆಯಾದರೆ

ಗೋಡೆ ಮುಟ್ಟುವ ಹಾಗಿಲ್ಲ, ಸರಿ. ಇರುವ ಹೋಲ್ಡರ್‌ಗೆ 4000 ಕೆಲ್ವಿನ್‌ನ ಹೆಚ್ಚು ಲ್ಯೂಮೆನ್ ಬಲ್ಬ್ ಹಾಕಿ. ಕನ್ನಡಿ ಪಕ್ಕ ಚಾರ್ಜ್ ಮಾಡುವಂಥ ಅಂಟಿಸುವ ಲೈಟು ಎರಡು, ಕಮೋಡ್ ದಾರಿಯಲ್ಲಿ ಸೆನ್ಸರ್ ಇರುವ ಇನ್ನೊಂದು. ಚಾರ್ಜಿಗೆ ರೂಮಿಗೆ ತಗೊಂಡು ಹೋಗಿ. ಎಕ್ಸ್‌ಟೆನ್ಶನ್ ಬೋರ್ಡನ್ನು ಮಾತ್ರ ಬಾತ್‌ರೂಮ್ ಒಳಗೆ ಎಳೆಯಬೇಡಿ.

9. ಬಾಕಿ ದುಡ್ಡು ಕೊಡುವ ಮುಂಚೆ

ಎಲ್ಲ ಸ್ವಿಚ್ ಆರಿಸಿ, ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಒಂದು ನಿಮಿಷ ನಿಲ್ಲಿ. ಯಾವುದಾದರೂ ಲೈಟು ಮಂಕಾಗಿ ಮಿಣುಕುತ್ತಿದ್ದರೆ, ಫೇಸ್ ಬದಲು ನ್ಯೂಟ್ರಲ್ ವೈರನ್ನು ಸ್ವಿಚ್‌ಗೆ ಕೊಟ್ಟಿರಬಹುದು. ಹಾಗಿದ್ದರೆ ಸ್ವಿಚ್ ಆರಿಸಿದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ, ಅವತ್ತೇ ಸರಿ ಮಾಡಿಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿಸಿ, ಪಟಕ್ಕನೆ ಬೀಳಬೇಕು. ಕಮೋಡ್ ಮೇಲೆ ಕೂತು, ಸ್ನಾನದ ಸ್ಟೂಲಿನ ಮೇಲೆ ಕೂತು ತಲೆ ಎತ್ತಿ ನೋಡಿ, ಯಾವ ಲೈಟೂ ನೇರ ಕಣ್ಣಿಗೆ ಹೊಡೆಯಬಾರದು. ಕೆಲಸದವರು ಮಿಕ್ಕಿದ್ದನ್ನು ಕಟ್ಟಿಕೊಳ್ಳುವ ಮುಂಚೆ ಡೌನ್‌ಲೈಟಿನ ತೂತಿನ ಅಳತೆ ಕೇಳಿ ಬರೆದಿಟ್ಟುಕೊಳ್ಳಿ, ಅದೇ ಲೈಟು ಒಂದು ಹೆಚ್ಚುವರಿ ತಂದಿಡಿ. ಎರಡು ವರ್ಷ ಬಿಟ್ಟು ಹೋದರೆ ಅದೇ ಅಳತೆಯದು ಸಿಗದೆ ಸೀಲಿಂಗ್ ಮತ್ತೆ ಕೊರೆಸಬೇಕಾಗುತ್ತದೆ.

ಕೊನೆಗೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರನ್ನು ಕರೆದು, ಕನ್ನಡಕ ತೆಗೆದು, ರಾತ್ರಿ ಲೈಟೊಂದರಲ್ಲೇ ಕಮೋಡ್‌ವರೆಗೆ ಹೋಗಿ ಬರಲು ಹೇಳಿ. ನೀವು ಪಕ್ಕದಲ್ಲೇ ಇರಿ. ಅವರು ಗೋಡೆ ಹಿಡಿಯದೆ ಹೋಗಿ ಬಂದರೆ ದುಡ್ಡು ಕೊಡಿ. ಗೋಡೆ ತಡವಿದರೆ, ಎಲ್ಲಿ ತಡವಿದರೋ ಅಲ್ಲಿಗೆ ಬೆಳಕು ಸಾಲುತ್ತಿಲ್ಲ, ಫುಟ್ ಲೈಟನ್ನು ಆ ಕಡೆಗೆ ತಿರುಗಿಸಿ ಮತ್ತೊಮ್ಮೆ ನೋಡಿ.